ಅಕ್ಕಲಕೋಟೆಯಲ್ಲಿ ಹೊಲಿಸಿದ ಕುಪ್ಪಸ

ಅಕ್ಕಲಕೋಟೆ ಪೇಟೆಯ ಸಣ್ಣ ಟೇಲರ್ ಅಂಗಡಿಗೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸಕ್ಕೆಂದೇ ನೇಯುವ ಅಂಚಿನ ಬಟ್ಟೆ, ಒಯ್ದಿದ್ದೆ. "ಬ್ಲೌಸ್ ಏನ್ರಿ ಅಕ್ಕಾರ?" ಎಂದರು. "ಅಲ್ರಿ, ಕುಪ್ಪಸ. ನಮ್ಮ ಆಯಿ ತೊಡತಿದ್ದಂಥದು" ಎಂದೆ. ತಕ್ಷಣ ತಿಳಿಯಿತು ಅವರಿಗೆ. ಗುಂಡಿ ಇಲ್ಲ, ಹುಕ್ ಇಲ್ಲ. ಎದೆಯ ಕೆಳಗೆ ಎರಡು ತುದಿ ತಂದು ಗಂಟು ಹಾಕುವುದು.

ಈಗ ಕುಪ್ಪಸ ಅಂದರೆ ಸುಮ್ನೆ ಬ್ಲೌಸ್ ಅಂದುಕೊಳ್ಳುವವರೇ ಜಾಸ್ತಿ. ಸಂಸ್ಕೃತದ ಕೂರ್ಪಾಸದಿಂದ ಬಂದ ಹಳೆಯ ಮಾತು ಇದು. ಕಳೆದುಕೊಳ್ಳಬಾರದು ಅಲ್ವಾ?

ಹೊಲಿಗೆ ತುಂಬ ಚೆನ್ನಾಗಿದೆ. ಖಣದ ಅಂಚು ತೋಳಿನ ತುದಿಗೇ ಸರಿಯಾಗಿ ಕೂತಿದೆ. ಬಗಲಿಗೆ ಬೇರೆ ತುಂಡು ಕೊಟ್ಟಿದ್ದಾರೆ, ಕೈ ಎತ್ತಿದರೆ ಎಳೆಯುವುದಿಲ್ಲ. ಗಂಟಿನ ತುದಿ ಮಾತ್ರ ಎರಡು ಬೆರಳು ಗಿಡ್ಡ. ಹೇಳಿದ್ದಕ್ಕಿಂತ ನಾಲ್ಕು ದಿನ ತಡವೂ ಆಯಿತು. ಆದರೂ ಇನ್ನೆರಡು ಖಣ ಅಲ್ಲೇ ಕೊಟ್ಟು ಬಂದಿದ್ದೇನೆ.