ಕೈಯಿಂದ ಮಾಡುವ ಕಾರ್ಡಿಗೆ ದುಡ್ಡು ಎಲ್ಲಿ ಹಾಕಬೇಕು? ಸ್ಟ್ಯಾಂಪ್, ಇಂಕ್, ಕಾರ್ಡ್‌ಸ್ಟಾಕ್: ವರ್ಷಗಟ್ಟಲೆ ಬಳಸಿದವಳ ವಿಮರ್ಶೆ

ಕ್ಲಿಯರ್ ಸ್ಟ್ಯಾಂಪ್ ಸೆಟ್ (ಇಂಕ್ ಹಚ್ಚಿ ಕಾಗದದ ಮೇಲೆ ಚಿತ್ರ, ಅಕ್ಷರ ಒತ್ತುವ ಪಾರದರ್ಶಕ ಅಚ್ಚುಗಳು) ಕೊಳ್ಳುವ ಮೊದಲು ಒಳ್ಳೆಯ ಕಾಗದ ಕೊಳ್ಳಿ. ಕಾಗದ ಆದ ಮೇಲೆ ಇಂಕ್. ಸ್ಟ್ಯಾಂಪ್ ಕೊನೆಗೆ ಸಾಕು. ಹುಟ್ಟುಹಬ್ಬ, ಗೃಹಪ್ರವೇಶ, ನಾಮಕರಣ, ಸಂಕ್ರಾಂತಿ ಅಂತ ವರ್ಷಗಳಿಂದ ಕಾರ್ಡು, ಲಕೋಟೆ, ಪುಟ್ಟ ಡಬ್ಬಿಗಳನ್ನು ಶಿವಮೊಗ್ಗದ ನಮ್ಮ ಮನೆಯಲ್ಲೇ ಮಾಡುತ್ತಿದ್ದೇನೆ. ಹೊಸದಾಗಿ ಶುರು ಮಾಡುವವರು ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಚಂದ ಚಂದದ ಸ್ಟ್ಯಾಂಪುಗಳೇ. ತಂದ ದುಡ್ಡೆಲ್ಲ ಅಲ್ಲೇ ಖಾಲಿ. ಆಮೇಲೆ ತೆಳು ಹಾಳೆ, ಮಕ್ಕಳ ಇಂಕ್ ಪ್ಯಾಡ್ ಇಟ್ಟುಕೊಂಡು ಒತ್ತಿ ನೋಡುತ್ತಾರೆ, ಚೆನ್ನಾಗಿ ಬರದಿದ್ದರೆ "ನನ್ನ ಕೈಗೆ ಇದು ಒಗ್ಗುವುದಿಲ್ಲ" ಅಂತ ಎತ್ತಿಟ್ಟುಬಿಡುತ್ತಾರೆ. ಅವರ ಕೈಯಲ್ಲಿ ಏನೂ ದೋಷ ಇರುವುದಿಲ್ಲ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದ, ಅಂದರೆ ಕಾರ್ಡ್‌ಸ್ಟಾಕ್ ಅನ್ನುವ ದಪ್ಪ ಹಾಳೆ. ಕಾಗದ ಎಷ್ಟು ದಪ್ಪ ಅನ್ನುವುದನ್ನು ಜಿಎಸ್ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೋ ಅದೇ ಜಿಎಸ್ಎಂ. ಜೆರಾಕ್ಸ್ ಹಾಳೆ 70 ರಿಂದ 80 ಇರುತ್ತದೆ. ಕಾರ್ಡಿಗೆ 220ಕ್ಕಿಂತ ಕಡಿಮೆ ಬೇಡ. 250 ನನಗೆ ಇಷ್ಟ. 300 ಇದ್ದರೆ ಕಾರ್ಡು ಶೋಕೇಸಿನಲ್ಲಿ ತಿಂಗಳುಗಟ್ಟಲೆ ಬಾಗದೆ ನಿಲ್ಲುತ್ತದೆ. ಮೇಲೆ ಅಂಟಿಸುವ ಬಣ್ಣದ ಪದರಕ್ಕೆ 160 ಧಾರಾಳ.

ಪ್ಯಾಕೆಟ್ ಮೇಲೆ ಬರೆದದ್ದನ್ನು ಹಾಗೇ ನಂಬಬೇಡಿ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದ "250 ಜಿಎಸ್ಎಂ" ಕಟ್ಟು ಕೈಗೆ ಹಗುರ ಅನ್ನಿಸಿತು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ ಹದಿನಾರು ಹಾಳೆ ಎಷ್ಟು ಗ್ರಾಂ ತೂಗುತ್ತದೋ ಅದೇ ಆ ಕಾಗದದ ಜಿಎಸ್ಎಂ. ಬೇರೆ ಲೆಕ್ಕವೇ ಬೇಡ. ಆ ಕಟ್ಟು 200ರ ಹತ್ತಿರ ನಿಂತಿತು. ಅಂದಿನಿಂದ ಹೊಸ ಕಾಗದ ಬಂದಾಗಲೆಲ್ಲ ಮೊದಲು ತೂಗುತ್ತೇನೆ. ಸಾಧ್ಯವಾದಾಗ ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋಗಿ ಕೈಯಲ್ಲಿ ಮುಟ್ಟಿ ನೋಡಿ ತರುತ್ತೇನೆ. ಮದುವೆ ಕಾರ್ಡು, ಕಾಗದದ ವ್ಯಾಪಾರ ಅಲ್ಲಿ ಸಾಲುಸಾಲು ಇದೆ.

ಅಳತೆಯ ವಿಷಯದಲ್ಲಿ ನನ್ನದು ಒಂದೇ ಸಲಹೆ: ಎ4ಗೆ ಅಂಟಿಕೊಳ್ಳಿ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ, ಒಂದೊಂದನ್ನೂ ಮಧ್ಯಕ್ಕೆ ಮಡಿಸಿದರೆ 105 × 148 ಮಿಲಿಮೀಟರ್ ಕಾರ್ಡು ಆಗುತ್ತದೆ. ಒಂದು ಹಾಳೆಗೆ ಎರಡು ಕಾರ್ಡು, ಚೂರೂ ದಂಡ ಇಲ್ಲ. ಅಮೆರಿಕದವರ ವಿಡಿಯೊಗಳಲ್ಲಿ ಎಲ್ಲರೂ ನಾಲ್ಕೂಕಾಲು × ಐದೂವರೆ ಇಂಚಿನ ಕಾರ್ಡು ಮಾಡುತ್ತಾರೆ. ಅದು ಅವರ ಎಂಟೂವರೆ × ಹನ್ನೊಂದು ಇಂಚಿನ ಹಾಳೆಗೆ ಹೊಂದುವ ಅಳತೆ. ನಮ್ಮ ಎ4 ಅಗಲದಲ್ಲಿ ಅದಕ್ಕಿಂತ ಸ್ವಲ್ಪ ಕಿರಿದು. ಹಾಗಾಗಿ ಅದೇ ಅಳತೆ ಹಿಡಿದರೆ ಒಂದು ಹಾಳೆಗೆ ಒಂದೇ ಕಾರ್ಡು ಸಿಗುತ್ತದೆ, ಉಳಿದದ್ದೆಲ್ಲ ಪಟ್ಟಿ. ಅದಕ್ಕೆ ಸರಿಹೊಂದುವ ಲಕೋಟೆ ಹುಡುಕುವುದೂ ಕಷ್ಟ.

ಬಣ್ಣದ ಕಾಗದ ಕೊಳ್ಳುವಾಗ ಒಂದು ಮೂಲೆಯನ್ನು ಸ್ವಲ್ಪ ಹರಿದು ನೋಡಲು ಕೇಳಿ. ಕೆಲವು ಕಾಗದಕ್ಕೆ ಮೇಲಷ್ಟೇ ಬಣ್ಣ, ಒಳಗೆ ಬಿಳಿ. ಮಡಿಸಿದ ಕಡೆ ಬಿಳಿ ಗೆರೆ ಬಿರಿಯುತ್ತದೆ. ಕಡುಗೆಂಪು ಕಾರ್ಡಿನಲ್ಲಿ ಅದು ಎದ್ದು ಕಾಣುತ್ತದೆ, ಏನು ಮಾಡಿದರೂ ಮುಚ್ಚಲು ಆಗುವುದಿಲ್ಲ. ಕಾಗದಕ್ಕೆ ನಾರಿನ ದಿಕ್ಕು ಅಂತಲೂ ಒಂದಿದೆ. ಹಾಳೆಯನ್ನು ಮೆತ್ತಗೆ ಎರಡೂ ಕಡೆಯಿಂದ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಕಡೆ ಮಡಿಕೆ ಬಂದರೆ ಅಂಚು ನೀಟಾಗಿ ಕೂರುತ್ತದೆ. ಮಡಿಸುವ ಮೊದಲು ಸ್ಕೇಲ್ ಇಟ್ಟು ಗೆರೆ ಒತ್ತಲೇಬೇಕು. ಅದಕ್ಕೆ ಸ್ಕೋರಿಂಗ್ ಬೋರ್ಡ್ ಮಾರುತ್ತಾರೆ. ಇದ್ದರೆ ಒಳ್ಳೆಯದೇ, ಆದರೆ ಇಂಕ್ ಮುಗಿದ ಬಾಲ್ ಪೆನ್ ಕೂಡ ಅದೇ ಕೆಲಸ ಮಾಡುತ್ತದೆ. ಒತ್ತಿದ ಗೆರೆಯ ಹಿಂದೆ ಉಬ್ಬು ಮೂಡುತ್ತದಲ್ಲ, ಆ ಉಬ್ಬು ಮಡಿಕೆಯ ಒಳಗೆ ಬರಬೇಕು. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ, ಆಮೇಲೆ ಕಾಗದ ಒಡೆಯಿತು ಅನ್ನುತ್ತಾರೆ.

ನಮ್ಮ ಕರ್ನಾಟಕದಲ್ಲೇ ಕೈಯಿಂದ ತಯಾರಾಗುವ ಖಾದಿ ಪೇಪರ್ಸ್‌ನ ಹತ್ತಿ ಕಾಗದವನ್ನೂ, ಪುದುಚೇರಿ ಆಶ್ರಮದ ಕೈಕಾಗದವನ್ನೂ ಬಳಸಿದ್ದೇನೆ. ಕೈಗೆ ತುಂಬಾ ಹಿತ. ಆದರೆ ಮೈ ತರಿತರಿ ಇರುವುದರಿಂದ ಸಣ್ಣ ಗೆರೆಯ ಚಿತ್ರ ಮುರಿದು ಬೀಳುತ್ತದೆ. ದೊಡ್ಡ ಎಲೆ, ದಪ್ಪ ರಂಗೋಲಿ ಎಳೆಯಂಥ ಸ್ಟ್ಯಾಂಪ್ ಇದ್ದರೆ ಮಾತ್ರ ಅದರ ಮೇಲೆ ಒತ್ತಿ.

ಇಂಕ್ ವಿಷಯಕ್ಕೆ ಬರೋಣ. ನನ್ನ ಹತ್ತಿರ ಹಲವು ಬಣ್ಣ ಇವೆ, ಆದರೆ ದಿನಾ ಕೈ ಹೋಗುವುದು ಎರಡು ಕಪ್ಪು ಪ್ಯಾಡುಗಳಿಗೆ. ಎರಡೂ ಜಪಾನಿನ ತ್ಸುಕಿನೆಕೊ ಕಂಪನಿಯವು. ಒಂದು ವರ್ಸಾಫೈನ್. ಇದು ಪಿಗ್ಮೆಂಟ್ ಇಂಕ್, ಕಾಗದದ ಮೇಲ್ಗಡೆಯೇ ಕೂರುತ್ತದೆ. ಕೂದಲೆಳೆಯಂಥ ಗೆರೆಯೂ ಕಡುಕಪ್ಪಾಗಿ ಬರುತ್ತದೆ. ಪೂರ್ತಿ ಒಣಗಿದ ಮೇಲೆ ವಾಟರ್‌ಕಲರ್ ಹಾಕಿದರೂ ಕದಡುವುದಿಲ್ಲ. ಒಣಗಲು ಸಮಯ ತೆಗೆದುಕೊಳ್ಳುತ್ತದೆ, ಅವಸರ ಮಾಡಿದರೆ ತೋಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಇನ್ನೊಂದು ಮೆಮೆಂಟೊ. ಇದು ಡೈ ಇಂಕ್, ಕಾಗದ ಹೀರಿಕೊಳ್ಳುತ್ತದೆ, ಬೇಗ ಒಣಗುತ್ತದೆ. ಆಲ್ಕೊಹಾಲ್ ಮಾರ್ಕರಿನಲ್ಲಿ ಬಣ್ಣ ತುಂಬುವವರಿಗೆ ಇದೇ ಬೇಕು. ನೀರು ಬಣ್ಣಕ್ಕೆ ಇದು ಸರಿಹೋಗುವುದಿಲ್ಲ. ಅಂಗಡಿಯಲ್ಲಿ "ಎರಡೂ ಒಂದೇ" ಅಂದರೆ ಒಪ್ಪಬೇಡಿ. ಬೆಲೆ ಜಾಸ್ತಿ ಅನ್ನಿಸುತ್ತದೆ ನಿಜ, ಪೂರ್ತಿ ಸೈಜಿನ ಪ್ಯಾಡು ಐನೂರು ದಾಟುತ್ತದೆ. ಆದರೆ ಬಣ್ಣ ತೆಳುವಾದಾಗ ಬಾಟಲಿಯ ಇಂಕ್ ಹಾಕಿ ಮತ್ತೆ ತುಂಬಿಸಬಹುದು. ವರ್ಷಗಟ್ಟಲೆ ಬರುತ್ತದೆ.

ಬಣ್ಣಕ್ಕೆ ರೇಂಜರ್ ಕಂಪನಿಯ ಡಿಸ್ಟ್ರೆಸ್ ಇಂಕ್ ನನಗೆ ಅಚ್ಚುಮೆಚ್ಚು. ಇದಕ್ಕೆ ನೀರು ತಾಗಿದರೆ ಹರಡುತ್ತದೆ. ಆ ಹರಡುವ ಗುಣವೇ ಬೇಕು ಅನ್ನುವವರಿಗೆ ಮಾತ್ರ ಇದು. ಆಕಾಶ, ಮಳೆಮೋಡ ಮಾಡಲು ಇದಕ್ಕೆ ಸಮ ಇಲ್ಲ.

ಈಗ ಸ್ಟ್ಯಾಂಪ್. ಮರದ ಹಿಡಿಯ ಕೆಂಪು ರಬ್ಬರ್, ಪಾರದರ್ಶಕ ಫೋಟೊಪಾಲಿಮರ್, ಪಾರದರ್ಶಕ ಸಿಲಿಕೋನ್, ಹೀಗೆ ಮೂರು ಬಗೆ ಸಿಗುತ್ತವೆ. ಕೆಂಪು ರಬ್ಬರ್ ಬಹಳ ಗಟ್ಟಿ, ಯಾವ ಇಂಕ್ ಹಾಕಿದರೂ ತಾಳಿಕೊಳ್ಳುತ್ತದೆ. ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ. ಸಿಲಿಕೋನ್ ಅಗ್ಗ. ಆದರೆ ಅದರ ಮೇಲೆ ಇಂಕ್ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ನಿಲ್ಲುತ್ತದೆ, ಒತ್ತಿದಾಗ ಚುಕ್ಕೆಚುಕ್ಕೆ ಬೀಳುತ್ತದೆ. ಒಂದು ಒಳ್ಳೆಯ ಫೋಟೊಪಾಲಿಮರ್ ಸೆಟ್ಟಿನ ಬೆಲೆಗೆ ಸಿಲಿಕೋನ್ ಸೆಟ್ಟುಗಳು ರಾಶಿ ಬರುತ್ತವೆ ಅಂತ ಆಸೆಪಡಬೇಡಿ. ಹೊಸ ಫೋಟೊಪಾಲಿಮರ್ ಕೂಡ ಮೊದಲ ದಿನ ಹೀಗೇ ಆಡಬಹುದು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೇಲ್ಮೈಯನ್ನು ಮೆಲ್ಲಗೆ ಉಜ್ಜಿದರೆ ಸರಿಹೋಗುತ್ತದೆ.

ನನ್ನ ಹಳೆಯ ಫೋಟೊಪಾಲಿಮರ್ ಸ್ಟ್ಯಾಂಪುಗಳೆಲ್ಲ ಹಳದಿ ತಿರುಗಿವೆ. ಕೆಲವಕ್ಕೆ ಕೆಂಪು, ನೀಲಿ ಕಲೆ ಹಿಡಿದಿದೆ. ಕೆಲಸದಲ್ಲಿ ಏನೂ ವ್ಯತ್ಯಾಸ ಇಲ್ಲ. ಬಿಸಿಲಿಗೆ ಬಿಡಬಾರದು, ಸ್ಪಿರಿಟ್ ಥರದ ದ್ರಾವಣದಿಂದ ಒರೆಸಬಾರದು, ಅಷ್ಟೇ. ಒತ್ತುವಾಗ ಹಿಡಿಯಂತೆ ಬಳಸುವ ಪಾರದರ್ಶಕ ಅಕ್ರಿಲಿಕ್ ಬ್ಲಾಕಿಗೆ ಸ್ಟ್ಯಾಂಪ್ ಅಂಟಿಕೊಳ್ಳುವುದು ನಿಂತರೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಗಾಳಿಗೆ ಒಣಗಿಸಿ. ಮತ್ತೆ ಹಿಡಿದುಕೊಳ್ಳುತ್ತದೆ.

ಇನ್ನು ನನಗೆ ತುಂಬಾ ಮುಖ್ಯವಾದ ಮಾತು. ಸೆಟ್ಟುಗಳಲ್ಲಿ ಬರುವ ಶುಭಾಶಯಗಳೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಅಜ್ಜಿಗೆ, ಅತ್ತೆಗೆ ಕಾರ್ಡು ಕೊಡುವಾಗ ಕನ್ನಡ ಇರಬೇಡವೇ? ದಾರಿ ನಮ್ಮೂರಲ್ಲೇ ಇದೆ. ಕೋರ್ಟು, ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಸೀಲ್ ಮಾಡಿಕೊಡುವ ಅಂಗಡಿಗಳಿರುತ್ತವಲ್ಲ, ಅಲ್ಲಿ ಮಾಡಿಸಿ. ದ್ರವ ಪಾಲಿಮರಿಗೆ ನೆಗೆಟಿವ್ ಮೂಲಕ ಅಲ್ಟ್ರಾವಯಲೆಟ್ ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಉಳಿದದ್ದನ್ನು ತೊಳೆದು ತೆಗೆಯುತ್ತಾರೆ. ಫೋಟೊಪಾಲಿಮರ್ ಕ್ಲಿಯರ್ ಸ್ಟ್ಯಾಂಪ್ ತಯಾರಾಗುವುದೂ ಹೆಚ್ಚುಕಡಿಮೆ ಇದೇ ರೀತಿ. ಒಳಗೇ ಇಂಕ್ ತುಂಬಿರುವ ಸೀಲ್ ಬೇಡ ಅಂತ ಹೇಳಿ, ಅದರಲ್ಲಿ ಬಣ್ಣ ಬದಲಾಯಿಸಲು ಆಗುವುದಿಲ್ಲ. "ಹಿಡಿ ಬೇಡ, ಬರೀ ಪಾಲಿಮರ್ ಕೊಡಿ" ಅಂದರೆ ಇನ್ನೂ ಅಗ್ಗ. ಮನೆಯಲ್ಲಿ ಡಬಲ್ ಟೇಪ್ ಹಾಕಿ ಅಕ್ರಿಲಿಕ್ ಬ್ಲಾಕಿಗೆ ಅಂಟಿಸಿಕೊಳ್ಳಬಹುದು.

ಅಂಗಡಿಗೆ ಹೋಗುವಾಗ ಅಕ್ಷರವನ್ನು ಪಿಡಿಎಫ್ ಅಥವಾ ಚಿತ್ರ ಮಾಡಿಕೊಂಡೇ ಹೋಗಿ. ವಾಟ್ಸ್ಆಪ್‌ನಲ್ಲಿ ಟೈಪ್ ಮಾಡಿ ಕಳಿಸಿದರೆ ಅವರ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಎಲ್ಲೋ, ಕೊಂಬು ಎಲ್ಲೋ ಹೋಗಿಬಿಡುತ್ತದೆ. ನುಡಿ ಅಥವಾ ಬರಹ ಸಾಫ್ಟ್‌ವೇರಿನಲ್ಲಿ ಅವರೇ ಮತ್ತೆ ಟೈಪ್ ಮಾಡಿದರೆ ಕಾಗುಣಿತ ನೀವೇ ನೋಡಿಕೊಳ್ಳಿ. ನಾನು ಮಾಡಿಸುವ ಅಂಗಡಿಯವರು ನನ್ನ ಚಿತ್ರ ನೋಡಿ, "ಮೇಡಂ, ಇಷ್ಟು ಸಣ್ಣಕ್ಕೆ ಮಾಡಿದ್ರೆ ಒತ್ತೆಲ್ಲ ಇಂಕ್ ತುಂಬ್ಕೊಳ್ತದೆ, ಸ್ವಲ್ಪ ದೊಡ್ಡದು ಮಾಡಿಸಿ" ಅಂದರು. ನೂರಕ್ಕೆ ನೂರು ಸರಿಯಾದ ಮಾತು. "ಹುಟ್ಟುಹಬ್ಬ" ಅನ್ನುವುದರಲ್ಲೇ ನೋಡಿ, ಟಕಾರದ ಒತ್ತಿನ ಜೊತೆಗೆ ಕೊಂಬು, ಒಂದು ಅಕ್ಷರ ಬಿಟ್ಟು ಬಕಾರದ ಒತ್ತು. ಅಕ್ಷರ ಆರು ಮಿಲಿಮೀಟರಾದರೂ ಎತ್ತರ ಇರಲಿ, ಗೆರೆ ತೀರಾ ದಪ್ಪ ಬೇಡ, ತೀರಾ ತೆಳುವೂ ಬೇಡ. ಸಾಲಿನ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿಸಿ. ಹೀಗೆ ಮಾಡಿಸಿದ "ಹುಟ್ಟುಹಬ್ಬದ ಶುಭಾಶಯಗಳು", "ನೂರ್ಕಾಲ ಬಾಳಿ", "ಪ್ರೀತಿಯಿಂದ" ಈ ಮೂರೂ ನನ್ನ ಡಬ್ಬಿಯಲ್ಲಿ ಅತಿ ಹೆಚ್ಚು ಸವೆದಿರುವ ಸ್ಟ್ಯಾಂಪುಗಳು. ವಿದೇಶಿ ಸೆಟ್ಟುಗಳಲ್ಲಿ ಅರ್ಧಕ್ಕರ್ಧ ಒಮ್ಮೆ ಒತ್ತಿ ಬಿಟ್ಟವು.

ಸ್ಟ್ಯಾಂಪಿಂಗ್ ಪ್ಲಾಟ್‌ಫಾರ್ಮ್ ಅಂತ ಒಂದು ಸಲಕರಣೆ ಬರುತ್ತದೆ. ಪುಸ್ತಕದ ರಟ್ಟಿನಂತೆ ತೆರೆದು ಮುಚ್ಚುವ ತಟ್ಟೆ. ಕಾಗದವನ್ನು ಮ್ಯಾಗ್ನೆಟ್ ಹಿಡಿದಿರುತ್ತದೆ, ಸ್ಟ್ಯಾಂಪ್ ಮುಚ್ಚಳಕ್ಕೆ ಅಂಟಿರುತ್ತದೆ. ಸರಿಯಾಗಿ ಬೀಳದಿದ್ದರೆ ಅದೇ ಜಾಗಕ್ಕೆ ಮತ್ತೆ ಒತ್ತಬಹುದು. ಮಿಸ್ಟಿ ಅನ್ನುವ ಹೆಸರಿನದು ಇದರಲ್ಲಿ ಹೆಸರುವಾಸಿ. ಒಂದೇ ಥರದ ಕಾರ್ಡು ಹತ್ತಾರು ಮಾಡುವವರಿಗೆ, ತರಿ ಕಾಗದದ ಮೇಲೆ ಒತ್ತುವವರಿಗೆ ಖಂಡಿತ ಬೇಕು. ವರ್ಷಕ್ಕೆ ನಾಲ್ಕಾರು ಕಾರ್ಡು ಮಾಡುವವರು ಆ ದುಡ್ಡು ಉಳಿಸಿ.

ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸದ ಲಯವೇ ಬೇರೆ. ಕಾಗದ ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ. ಹೀಟ್ ಎಂಬಾಸಿಂಗ್ ಮಾಡುವವರಿಗಂತೂ ತುಂಬಾ ತೊಂದರೆ. ಅಂಟಂಟಾದ ವರ್ಸಾಮಾರ್ಕ್ ಇಂಕಿನಲ್ಲಿ ಒತ್ತಿ, ಮೇಲೆ ಎಂಬಾಸಿಂಗ್ ಪುಡಿ ಉದುರಿಸಿ, ಬಿಸಿಗಾಳಿ ಬಿಡುವ ಹೀಟ್ ಗನ್ ಹಿಡಿದರೆ ಪುಡಿ ಕರಗಿ ಚಿನ್ನದ ಗೆರೆ ಉಬ್ಬಿ ನಿಲ್ಲುತ್ತದೆ. ಜೂನ್, ಜುಲೈನಲ್ಲಿ ಆ ಪುಡಿ ಬೇಡದ ಕಡೆಯೆಲ್ಲ ಹಿಡಿದುಕೊಳ್ಳುತ್ತದೆ. ಒತ್ತುವ ಮೊದಲು ಹಾಳೆಯನ್ನು ಹೀಟ್ ಗನ್ನಿನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಬಟ್ಟೆಯ ಪುಟ್ಟ ಗಂಟಿನಲ್ಲಿ ಟಾಲ್ಕಂ ಪೌಡರ್ ಕಟ್ಟಿ ಹಗುರಾಗಿ ತಟ್ಟಿ, ಆಮೇಲೆ ಒತ್ತಿದರೆ ಚೊಕ್ಕವಾಗಿ ಬರುತ್ತದೆ. ಹೇರ್ ಡ್ರೈಯರಿನಿಂದ ಆಗುವುದಿಲ್ಲ. ಅದಕ್ಕೆ ಅಷ್ಟು ಕಾವಿಲ್ಲ, ಗಾಳಿಗೆ ಪುಡಿಯೆಲ್ಲ ಹಾರಿಹೋಗುತ್ತದೆ. ಕಾಗದದ ಕಟ್ಟನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮಲಗಿಸಿಯೇ ಇಡಿ. ನಿಲ್ಲಿಸಿದರೆ ಬಾಗುತ್ತದೆ. ಅಂಟಿಗೆ ಫೆವಿಕಾಲ್ ಎಂಆರ್ ಒಳ್ಳೆಯದು. ಆದರೆ ನೀರಿನ ಅಂಟಾದ್ದರಿಂದ ತೆಳ್ಳಗೆ ಹಚ್ಚಿ, ಮೇಲೆ ಭಾರ ಇಡಿ. ದೊಡ್ಡ ಪದರಕ್ಕೆ ಡಬಲ್ ಟೇಪೇ ವಾಸಿ.

ಸಂಕ್ರಾಂತಿಗೆ ಎಳ್ಳು ಬೀರಲು ಡಬ್ಬಿ ಮಾಡುವುದು ನನಗೆ ಇಡೀ ವರ್ಷದಲ್ಲೇ ಅತಿ ಖುಷಿಯ ಕೆಲಸ. ಪ್ಲಾಸ್ಟಿಕ್ ಡಬ್ಬಿ ಕೊಡುವ ಕಡೆ ಇದನ್ನು ಕೊಟ್ಟರೆ ಯಾರೂ ಬಿಸಾಡುವುದಿಲ್ಲ. 250 ಜಿಎಸ್ಎಂನ ಒಂದು ಎ4 ಹಾಳೆಯಲ್ಲಿ ಡಬ್ಬಿ, ಮುಚ್ಚಳ ಎರಡೂ ಆಗುತ್ತವೆ. ತಳಕ್ಕೆ 15 ಸೆಂಟಿಮೀಟರ್ ಚೌಕ, ನಾಲ್ಕೂ ಕಡೆ 4 ಸೆಂಟಿಮೀಟರಿಗೆ ಗೆರೆ. ಮುಚ್ಚಳಕ್ಕೆ 11.3 ಸೆಂಟಿಮೀಟರ್ ಚೌಕ, ನಾಲ್ಕೂ ಕಡೆ 2 ಸೆಂಟಿಮೀಟರಿಗೆ ಗೆರೆ. ಮೂಲೆ ಕತ್ತರಿಸಿ ಅಂಟಿಸಿದರೆ 7 ಸೆಂಟಿಮೀಟರ್ ಚೌಕದ ಡಬ್ಬಿ ತಯಾರು. ಆ ಮೂರು ಮಿಲಿಮೀಟರ್ ಹೆಚ್ಚು ಇಟ್ಟಿರುವುದು ಮುಚ್ಚಳ ಬಿಗಿಯಾಗದಿರಲಿ ಅಂತ. ಎಳ್ಳು, ಕೊಬ್ಬರಿ, ಕಡಲೆಬೀಜದ ಎಣ್ಣೆ ಕಾಗದಕ್ಕೆ ಇಳಿದು ಕಲೆ ಮೂಡಿಸುತ್ತದೆ. ಹಾಗಾಗಿ ಒಳಗೆ ಬಟರ್ ಪೇಪರ್ ಹಾಕಲೇಬೇಕು. ಸಕ್ಕರೆ ಅಚ್ಚನ್ನು ಬೇರೆ ಪೊಟ್ಟಣದಲ್ಲಿ ಮೇಲೆ ಇಡಿ, ಇಲ್ಲದಿದ್ದರೆ ಮುರಿಯುತ್ತದೆ. ಮುಚ್ಚಳಕ್ಕೆ ಕಬ್ಬಿನ ಜಲ್ಲೆಯ ಚಿತ್ರ, ಕೆಳಗೆ ಕನ್ನಡದ ಸೀಲ್. ಅಷ್ಟಕ್ಕೇ ಎಷ್ಟು ಲಕ್ಷಣ ಬರುತ್ತದೆ ಗೊತ್ತಾ!

ಅಂಚೆಯಲ್ಲಿ ಕಳಿಸುವವರಿಗೆ ಕೊನೆಯದಾಗಿ ತೂಕದ ಲೆಕ್ಕ. 250 ಜಿಎಸ್ಎಂನ ಅರ್ಧ ಎ4 ಕಾರ್ಡು ಎಂಟು ಗ್ರಾಂ ಒಳಗೇ ಇರುತ್ತದೆ. ಮೇಲೊಂದು ಪದರ, ಲಕೋಟೆ ಎಲ್ಲ ಸೇರಿದರೂ ಸಾಮಾನ್ಯ ಪತ್ರದ ಮೊದಲ ಹಂತವಾದ 20 ಗ್ರಾಂ ದಾಟುವುದಿಲ್ಲ. ಮಣಿ, ಗುಂಡಿ, ಫೋಮ್ ಟೇಪ್ ಹಾಕಿ ಉಬ್ಬಿಸಿದರೆ ತೂಕವೂ ಏರುತ್ತದೆ, ಮುದ್ರೆ ಹೊಡೆಯುವಾಗ ಜಜ್ಜಿಯೂ ಹೋಗುತ್ತದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ ಜೊತೆ ಸೇರಿಹೋಗಿದೆ. ಹಾಗಾಗಿ ದೂರದೂರಿಗೆ ಜೋಪಾನವಾಗಿ ಸೇರಬೇಕಾದ್ದನ್ನು ನಾನು ಸ್ಪೀಡ್ ಪೋಸ್ಟಿನಲ್ಲೇ ಕಳಿಸುತ್ತೇನೆ, ಹಿಂದೆ ಒಂದು ರಟ್ಟು ಇಟ್ಟು. ಮಣಿ ಹಾಕಿದ್ದನ್ನು ಊರಿನವರಿಗೆ ಕೈಯಾರೆ ಕೊಡುತ್ತೇನೆ.