ಬಫೆಲೋ ನಿಕಲ್ ಡೇಟ್ ವಾಪಸ್ ತರೋ ಬಾಟಲ್: ಕೆಲ್ಸ ಮಾಡುತ್ತೆ, ಆದ್ರೆ...

ಸಣ್ಣ ಬಾಟಲ್, ಒಳಗೆ ಕಂದು ಬಣ್ಣದ ನೀರು. ಡೇಟ್ ಪೂರ್ತಿ ಸವೆದು ಹೋಗಿರೋ ಬಫೆಲೋ ನಿಕಲ್ (ಹಿಂದ್ಗಡೆ ಕಾಡೆಮ್ಮೆ ಇರೋ ಅಮೆರಿಕದ ಹಳೇ 5 ಸೆಂಟ್ ನಾಣ್ಯ) ಮೇಲೆ ಒಂದು ಹನಿ ಬಿಟ್ರೆ ಇಸವಿ ಎದ್ದು ಬರುತ್ತೆ ಅಂತ ಹೇಳಿ ಮಾರ್ತಾರೆ. ಬರುತ್ತಾ ಅಂದ್ರೆ, ಹೌದು, ಬರುತ್ತೆ. ಆದ್ರೂ ಆರ್ಡರ್ ಮಾಡೋಕ್ ಮುಂಚೆ ಇದನ್ನ ಓದ್ಬಿಡಿ, ಯಾಕಂದ್ರೆ ಇಲ್ಲಿ ಅಮೆರಿಕದಲ್ಲಿರೋ ನಮ್ಮೋರು ಎಷ್ಟೋ ಜನ ಫ್ಲೀ ಮಾರ್ಕೆಟ್‌ನಲ್ಲಿ ಡೇಟ್ ಇಲ್ದಿರೋ ನಿಕಲ್‌ಗಳನ್ನ ಚೀಲದ ಲೆಕ್ಕದಲ್ಲಿ ತಂದಿಟ್ಕೊಂಡು ಇದ್ರಲ್ಲೊಂದು ಲಾಟ್ರಿ ಹೊಡೆದೇ ಹೊಡೆಯುತ್ತೆ ಅಂತ ಕೂತಿರ್ತಾರೆ.

ಒಳಗಿರೋದು ಫೆರಿಕ್ ಕ್ಲೋರೈಡ್. ನಿಕ್-ಎ-ಡೇಟ್ ಅನ್ನೋದು ಇದ್ರಲ್ಲಿ ಎಲ್ರೂ ಕೇಳಿರೋ ಹೆಸ್ರು, ನಾನು ಇಲ್ಲಿ ಬರೀತಿರೋದು ಒಂದು ಬ್ರ್ಯಾಂಡ್ ಬಗ್ಗೆ ಅಲ್ಲ, ಈ ಥರದ ಬಾಟಲ್ ಬಗ್ಗೆನೇ. ಬೆಂಗ್ಳೂರಲ್ಲಿ ಎಲೆಕ್ಟ್ರಾನಿಕ್ಸ್ ಓದಿದೋರಿಗೆ ಇದು ಹಳೇ ಪರಿಚಯ, ಪ್ರಾಜೆಕ್ಟ್‌ಗೆ ಎಸ್.ಪಿ. ರೋಡಲ್ಲಿ ಹುಡುಕಿ ತಂದು ಪಿಸಿಬಿ ಎಚಿಂಗ್, ಅಂದ್ರೆ ಸರ್ಕ್ಯೂಟ್ ಬೋರ್ಡ್ ಮೇಲಿನ ಬೇಡದ ತಾಮ್ರ ತಿನ್ನಿಸೋದು, ಮಾಡ್ತಿದ್ವಲ್ಲ, ಕೈ ಬಟ್ಟೆ ಎಲ್ಲಾ ಹಳದಿ ಕಲೆ, ಅದೇ ಮಾಲು.

ಈ ನಾಣ್ಯದ ಡೇಟೇ ಯಾಕೆ ಇಷ್ಟು ಸವೆಯುತ್ತೆ ಅಂದ್ರೆ ಅದು ಡಿಸೈನ್‌ನ ತಪ್ಪು. 1913ರಿಂದ 1938ರವರೆಗೆ ಬಂದ ನಾಣ್ಯ, ಜೇಮ್ಸ್ ಅರ್ಲ್ ಫ್ರೇಸರ್ ಮಾಡಿದ್ದು, ನೋಡೋಕೆ ನನ್ನ ಪ್ರಕಾರ ಅಮೆರಿಕದ ನಾಣ್ಯಗಳಲ್ಲೇ ಒಂದು ಕೈ ಮೇಲು. ಆದ್ರೆ ಇಸವಿನ ಹೋಗಿ ಹೋಗಿ ಆ ನೇಟಿವ್ ಅಮೆರಿಕನ್ ತಲೆಯ ಕೆಳಗೆ, ಭುಜದ ಉಬ್ಬಿನ ಮೇಲೆ ಇಟ್ಟವ್ರೆ, ಜೇಬಲ್ಲಿ ಉಜ್ಜಿದ್ರೆ ಮೊದ್ಲು ಹೋಗೋದೇ ಅದು. ಹಿಂದ್ಗಡೆ 'ಫೈವ್ ಸೆಂಟ್ಸ್' ಅನ್ನೋದೂ ಹಿಂಗೇ ದಿಬ್ಬದ ಮೇಲಿತ್ತು, ಅದು ಸವೆಯುತ್ತೆ ಅಂತ ಗೊತ್ತಾಗಿ 1913ರಲ್ಲೇ ದಿಬ್ಬ ತೆಗೆದು ಅಕ್ಷರನ ತಗ್ಗಿಗೆ ಇಳಿಸಿದ್ರು. ಡೇಟನ್ನ ಮಾತ್ರ ಅಲ್ಲೇ ಬಿಟ್ರು! ಸ್ಟ್ಯಾಂಡಿಂಗ್ ಲಿಬರ್ಟಿ ಕ್ವಾರ್ಟರ್ ಅನ್ನೋ ಅದೇ ಕಾಲದ 25 ಸೆಂಟ್ ನಾಣ್ಯಕ್ಕೂ ಇದೇ ಕಾಯಿಲೆ ಇತ್ತು, ಅದನ್ನ 1925ರಲ್ಲಿ ಸರಿ ಮಾಡಿದ್ರು, ಬಫೆಲೋಗೆ ಆ ಭಾಗ್ಯ ಕೊನೇವರೆಗೂ ಬರ್ಲಿಲ್ಲ.

ಸವೆದ್ಮೇಲೆ ಡೇಟ್ ಎಲ್ಲಿಂದ ಬರುತ್ತೆ ಅನ್ನೋದು ಮಜಾ ವಿಷಯ. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಅಂಕಿ ಇರೋ ಜಾಗದ ಲೋಹ ಸುತ್ತಲಿನ ಲೋಹದ ಥರ ಇರಲ್ಲ, ಒತ್ತಡ ಒಳಗಡೆವರೆಗೂ ಬೇರೆ ಬೇರೆ ಥರ ಇಳಿದಿರುತ್ತೆ. ಮೇಲಿನ ಅಂಕಿ ಸವೆದು ಹೋದ್ರೂ ಅಡಿಯಲ್ಲಿ ಆ ವ್ಯತ್ಯಾಸ ಉಳಿದಿರುತ್ತೆ. ಕೆಮಿಕಲ್ ಒಂದ್ಕಡೆ ಜಾಸ್ತಿ ಒಂದ್ಕಡೆ ಕಮ್ಮಿ ತಿನ್ನುತ್ತೆ, ಅದಕ್ಕೇ ಇಸವಿ ಮಸಕು ಮಸಕಾಗಿ ಕಾಣೋದು. ಅಂದ್ರೆ ನೀವು ಡೇಟ್ ವಾಪಸ್ ತರ್ತಿಲ್ಲ, ಇರೋ ಲೋಹನ ಇನ್ನಷ್ಟು ತಿನ್ನಿಸ್ತಿದೀರ. ಹನಿ ಬಿದ್ದ ಜಾಗ ಒರಟಾಗಿ ಬಣ್ಣ ಕೆಟ್ಟು ಕೂತಿರುತ್ತೆ, ಎಷ್ಟು ಒರೆಸಿದ್ರೂ ಹೋಗಲ್ಲ, ನಾಣ್ಯ ಗೊತ್ತಿರೋನು ಮೇಜಿನ ಆ ಕಡೆಯಿಂದನೇ "ಆಸಿಡ್ ಡೇಟ್" ಅಂದ್ಬಿಡ್ತಾನೆ. ಮೇಲಾಗಿ ಕೈಯಾಡಿಸ್ತಾ ಆಡಿಸ್ತಾ ಆ ಮಸಕು ಇಸವಿನೂ ಮತ್ತೆ ಮಾಯ ಆಗ್ಬೋದು.

ಈಗ ದುಡ್ಡಿನ ವಿಷಯ. 1926ರ ಎಸ್ (ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ ಗುರುತು ಇರೋದು) ಸಿಕ್ತು ಅಂತಿಟ್ಕೊಳಿ, ಅದು ಬರೀ 9,70,000 ಮಾಡಿದ್ದು, ಇಡೀ ಸರಣಿಯಲ್ಲೇ ಕಮ್ಮಿ. ಡೇಟ್ ಸಹಜವಾಗಿ ಉಳಿದಿರೋ ನಾಣ್ಯದ ರೇಟ್ ನೋಡ್ಕೊಂಡು ಕನಸು ಕಾಣ್ಬೇಡಿ, ಆಸಿಡ್ ಹಾಕಿದ್ದಕ್ಕೆ ಅದ್ರಲ್ಲಿ ಒಂದು ಚೂರು ಸಿಗುತ್ತೆ ಅಷ್ಟೇ. ಮಾಮೂಲಿ ಇಸವಿ ಆಗಿದ್ರೆ ಬೆಲೆ ಏರೋದೇನೂ ಇಲ್ಲ. ಆದ್ರೆ ಆಲ್ಬಮ್‌ನಲ್ಲಿ ಖಾಲಿ ಗುಂಡಿ ತುಂಬಿಸೋಕೆ, ಮಕ್ಳ ಜೊತೆ ಕೂತು ಯಾವ್ದು ಬರುತ್ತೆ ನೋಡೋಣ ಅನ್ನೋಕೆ ಸೂಪರ್ ಟೈಂಪಾಸ್, ಅದಕ್ಕೇ ಅಂತ ನಾನು 5ಕ್ಕೆ 3 ಕೊಡ್ತೀನಿ. ಮಾರೋಕೆ ಅಂತ ತಗೊಳ್ಳೋರಿಗೆ 1.

ಹನಿ ಬಿಡೋಕ್ ಮುಂಚೆ ದಯವಿಟ್ಟು ನಾಣ್ಯ ತಿರುಗಿಸಿ ನೋಡ್ರಪ್ಪ. ಕಾಡೆಮ್ಮೆ ದಿಬ್ಬದ ಮೇಲೆ ನಿಂತಿದೆ, 'ಫೈವ್ ಸೆಂಟ್ಸ್' ಆ ದಿಬ್ಬದ ಮೇಲೇ ಇದೆ ಅಂದ್ರೆ ಅದು 1913 ಬಿಟ್ಟು ಬೇರೆ ಆಗೋ ಚಾನ್ಸೇ ಇಲ್ಲ, ಡೇಟ್ ಗೊತ್ತಾಯ್ತಲ್ಲ, ಆಸಿಡ್ ಯಾಕೆ. ಕಾಡೆಮ್ಮೆ ಗೆರೆ ಮೇಲೆ ನಿಂತಿದ್ರೆ 'ಫೈವ್ ಸೆಂಟ್ಸ್' ಕೆಳಗೆ ಡಿ (ಡೆನ್ವರ್ ಟಂಕಸಾಲೆ) ಅಥವಾ ಎಸ್ ಇದ್ಯಾ ನೋಡಿ, ಎಸ್ ಇರೋವನ್ನ ಬೇರೆ ಇಡಿ, ಕುತೂಹಲ ಇದ್ರೆ ಅವಕ್ಕೆ ಮಾತ್ರ ಹಾಕಿ. ಅಕ್ಷರನೇ ಇಲ್ದಿರೋದು ಫಿಲಡೆಲ್ಫಿಯಾ ಟಂಕಸಾಲೆದು, ಅದ್ರಲ್ಲಿ ಬಹುಪಾಲು ಸಾಮಾನ್ಯ ಇಸವಿಗಳೇ.

ಕೆಲವ್ರು ಬಾಟಲ್ ಬೇಡ ಅಂತ ನಾಣ್ಯನ ವಿನೆಗರ್‌ನಲ್ಲಿ ದಿನಗಟ್ಲೆ ನೆನೆ ಹಾಕ್ತಾರೆ. ತುಂಬಾ ನಿಧಾನ, ಆದ್ರೆ ಇಡೀ ನಾಣ್ಯ ಒಂದೇ ಸಮ ಮಂಕಾಗೋದ್ರಿಂದ ಆ ಕೆಟ್ಟ ಕಲೆ ಒಂದೇ ಜಾಗದಲ್ಲಿ ಎದ್ದು ಕಾಣಲ್ಲ. ನನಗೆ ಅದೇ ವಾಸಿ ಅನ್ಸುತ್ತೆ, ತಾಳ್ಮೆ ಇದ್ರೆ. ಬಾಟಲ್ಲೇ ಬೇಕು ಅನ್ನೋರು ಗ್ಲೌಸ್ ಹಾಕ್ಕೊಳಿ, ಕಣ್ಣಿಗೆ ಕನ್ನಡಕ ಇರ್ಲಿ, ಪ್ಲಾಸ್ಟಿಕ್ ತಟ್ಟೆ ಇಟ್ಕೊಳಿ, ಅಡುಗೆ ಮನೆ ಸ್ಟೀಲ್ ಸಿಂಕ್ ಹತ್ರ ತಗೊಂಡೇ ಹೋಗ್ಬೇಡಿ, ಸ್ಟೀಲನ್ನೂ ತಿನ್ನುತ್ತೆ.

ಕೊನೇದಾಗಿ, ಊರಿಂದ ಫೋನ್ ಮಾಡಿದಾಗೆಲ್ಲ ಯಾರಾದ್ರೂ ಕೇಳೋದು, ನಮ್ಮನೇಲಿ ಟಿಪ್ಪು ಕಾಲದ ಆನೆ ಪೈಸಾ ಇದೆ, ಇಸವಿ ಕಾಣ್ತಿಲ್ಲ, ಆ ಬಾಟಲ್ ಕಳಿಸ್ತೀಯೇನೋ ಅಂತ. ಬೇಡ! ನಿಕಲ್ ಅನ್ನೋ ಹೆಸ್ರಿದ್ರೂ ಅಮೆರಿಕದ ಆ ನಾಣ್ಯ 75 ಭಾಗ ತಾಮ್ರ 25 ಭಾಗ ನಿಕಲ್ ಸೇರಿರೋ ಗಟ್ಟಿ ಮಿಶ್ರಲೋಹ, ಆನೆ ಪೈಸಾ ತಾಮ್ರ, ಪಿಸಿಬಿಯಲ್ಲಿ ಫೆರಿಕ್ ಕ್ಲೋರೈಡ್ ತಿನ್ನೋದೇ ತಾಮ್ರನ. ಇಸವಿ ಬರೋಕ್ ಮುಂಚೆ ಆನೆ ಹೊರಟೋಗಿರುತ್ತೆ. ಅದೂ ಅಲ್ದೆ ಕೈಯಲ್ಲಿ ಸುತ್ತಿಗೆ ಹೊಡೆದು ಮಾಡಿದ ನಾಣ್ಯ, ಎಷ್ಟೋ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದಿರ್ತಿತ್ತು, ಇಸವಿ ನಾಣ್ಯದ ಮೇಲೆ ಬಿದ್ದೇ ಇರಲ್ಲ, ಬೀಳದೇ ಇರೋದನ್ನ ಯಾವ ಕೆಮಿಕಲ್ ತರುತ್ತೆ ಹೇಳಿ. ಅಂಥದ್ದಕ್ಕೆ ಒಂದು ಭೂತಗನ್ನಡಿ, ಪಕ್ಕದಿಂದ ಓರೆಯಾಗಿ ಬೀಳೋ ಟಾರ್ಚ್ ಬೆಳಕು, ಇಷ್ಟೇ ಸಾಕು, ಅದ್ರಲ್ಲಿ ಕಂಡಷ್ಟು ಕಂಡ್ರೆ ಆಯ್ತು.