ಬಿಡುಗಡೆಯಾಗದ ಸಿನಿಮಾದ ಶಾಟ್ ರೀಲ್‌ಗೆ ಹಾಕಬೇಡಿ

ವಿಎಫ್‌ಎಕ್ಸ್ (ಸಿನಿಮಾದ ವಿಶುವಲ್ ಎಫೆಕ್ಟ್ಸ್) ಕೆಲಸಕ್ಕೆ ಡೆಮೊ ರೀಲ್, ಅಂದರೆ ತಾವು ಮಾಡಿದ ಕೆಲಸ ತೋರಿಸುವ ಚಿಕ್ಕ ವಿಡಿಯೊ, ಮಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ನಾನು ಮಾಡಿದ ಒಂದು ತಪ್ಪಿನಿಂದ ಕೈಗೆ ಬಂದಿದ್ದ ಕೆಲಸ ಹೋಯಿತು.

ನಾನು ಕಾಂಪೋಸಿಟರ್. ಬೇರೆ ಬೇರೆಯಾಗಿ ತೆಗೆದ ದೃಶ್ಯಗಳನ್ನು ಒಂದೇ ಶಾಟ್ ಆಗಿ ಜೋಡಿಸುವುದು ನನ್ನ ಕೆಲಸ. ಒಂದು ಸ್ಟುಡಿಯೊದಲ್ಲಿ ಎಂಟು ತಿಂಗಳ ಕಾಂಟ್ರ್ಯಾಕ್ಟ್ ಮುಗಿದಿತ್ತು. ಹಳೆಯ ರೀಲ್‌ನಲ್ಲಿ ಇದ್ದದ್ದು ಬರೀ ರೋಟೊ (ಫ್ರೇಮ್ ಫ್ರೇಮ್‌ನಲ್ಲೂ ಆಕೃತಿಯ ಅಂಚು ಗುರುತಿಸಿ ಬೇರ್ಪಡಿಸುವುದು) ಮತ್ತು ಶಾಟ್‌ನಲ್ಲಿ ಕಾಣುವ ವೈರ್ ಅಳಿಸುವ ಕೆಲಸ. ಈ ಎಂಟು ತಿಂಗಳಲ್ಲಿ ಮೂರು ಒಳ್ಳೆಯ ಶಾಟ್ ಸಿಕ್ಕಿದ್ದವು. ಅದರಲ್ಲೊಂದು ಮಳೆ ಶಾಟ್. ಗ್ರೀನ್ ಸ್ಕ್ರೀನ್ ಮುಂದೆ ನಿಂತ ನಟಿಯ ಒದ್ದೆ ಕೂದಲು ಎಳೆ ಎಳೆಯಾಗಿ ಉಳಿಯುವ ಹಾಗೆ ಕೀ ಮಾಡಲು, ಅಂದರೆ ಹಸಿರು ಹಿನ್ನೆಲೆ ತೆಗೆಯಲು, ಎರಡು ವಾರ ಹಿಡಿದಿತ್ತು. ಆದರೆ ಸಿನಿಮಾ ಇನ್ನೂ ಬಿಡುಗಡೆಯಾಗಿರಲಿಲ್ಲ, ಕೆಲಸದ ಯಾವುದನ್ನೂ ಹೊರಗೆ ಬಿಡುವುದಿಲ್ಲ ಅನ್ನುವ ಒಪ್ಪಂದಕ್ಕೆ (ಎನ್‌ಡಿಎ) ನಾನು ಸಹಿ ಹಾಕಿದ್ದೆ.

ಮನೆಯಿಂದ ಕೆಲಸ ಮಾಡಿದ್ದರಿಂದ ರಿವ್ಯೂ ಕ್ಲಿಪ್‌ಗಳು ನನ್ನ ಕಂಪ್ಯೂಟರ್‌ನಲ್ಲೇ ಉಳಿದಿದ್ದವು. ಅಂಚಿನಲ್ಲಿದ್ದ ಶಾಟ್ ನಂಬರ್ ಕಾಣದಂತೆ ಕ್ರಾಪ್ ಮಾಡಿ, ರೀಲ್‌ಗೆ ಸೇರಿಸಿ, ವಿಡಿಯೊಗೆ ಪಾಸ್‌ವರ್ಡ್ ಹಾಕಿ, ಕೆಲಸ ಕೇಳಿದ್ದ ಇನ್ನೊಂದು ಸ್ಟುಡಿಯೊಗೆ ಲಿಂಕ್ ಕಳಿಸಿದೆ. ಪಾಸ್‌ವರ್ಡ್ ಇದೆಯಲ್ಲ, ನಾಲ್ಕು ಜನ ನೋಡಿದರೆ ಏನಾಗುತ್ತೆ ಅಂದುಕೊಂಡೆ.

ಇಂಟರ್‌ವ್ಯೂ ಚೆನ್ನಾಗೇ ಆಯಿತು. ಯಾವಾಗ ಸೇರ್ತೀರಿ ಅಂತಲೂ ಕೇಳಿದ್ದರು. ಆಮೇಲೆ ಸೂಪರ್‌ವೈಸರ್ ಮಳೆ ಶಾಟ್‌ಗೆ ವಾಪಸ್ ಬಂದು, "ಇದು ಯಾವ ಪ್ರಾಜೆಕ್ಟ್? ರಿಲೀಸ್ ಆಗಿದೆಯಾ?" ಅಂದರು. ಇಲ್ಲ ಸರ್ ಅಂದೆ. ಅವರು ವಿಡಿಯೊ ಅಲ್ಲೇ ನಿಲ್ಲಿಸಿದರು. "ನಾಳೆ ನಮ್ಮ ಶಾಟ್ ಕೂಡ ಹೀಗೇ ಹೊರಗೆ ಹೋಗಬಹುದು ಅಲ್ವಾ?" ಅಂತ ಮೆಲ್ಲಗೆ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಆ ಕೆಲಸ ಬರಲಿಲ್ಲ.

ಲಿಂಕ್ ಅಳಿಸಿ, ಹಳೆಯ ಸ್ಟುಡಿಯೊದ ಪ್ರೊಡ್ಯೂಸರ್‌ಗೆ ನಾನೇ ಫೋನ್ ಮಾಡಿ ಹೇಳಿದೆ. ನನ್ನಿಂದ ನನ್ನ ಲೀಡ್ (ನಮ್ಮ ತಂಡ ನೋಡಿಕೊಳ್ಳುತ್ತಿದ್ದವರು) ಕೂಡ ಉತ್ತರ ಕೊಡಬೇಕಾಯಿತು. ಇವತ್ತಿಗೂ ನನಗೆ ಜಾಸ್ತಿ ನೋವಾಗುವುದು ಅದಕ್ಕೇ. ಶಾಟ್ ನಾವು ಮಾಡಿದ್ದರೂ ಅದು ನಮ್ಮದಲ್ಲ. ಸೋರಿಕೆಯಾದರೆ ಸ್ಟುಡಿಯೊ ಕೈಯಿಂದ ಇಡೀ ಸಿನಿಮಾದ ಕೆಲಸವೇ ಹೋಗಬಹುದು. ಕ್ರಾಪ್ ಮಾಡಿದರೂ ಪ್ರಯೋಜನವಿಲ್ಲ. ಯಾರ ಕಾಪಿ ಅಂತ ಪತ್ತೆ ಮಾಡಲು ಕಣ್ಣಿಗೆ ಕಾಣದ ವಾಟರ್‌ಮಾರ್ಕ್ (ಗುರುತು) ಹಾಕಿ ಕಳಿಸುವವರೂ ಇದ್ದಾರೆ. ಅದಕ್ಕಿಂತ ಹೆಚ್ಚಾಗಿ, ಕ್ರಾಪ್ ಮಾಡಿದ್ದೇ ಗೊತ್ತಿದ್ದೂ ಮಾಡಿದ್ದೇನೆ ಅನ್ನುವುದಕ್ಕೆ ಸಾಕ್ಷಿ.

ಹಾಗಾಗಿ ಕೆಲಸ ಬಿಡುವ ಮೊದಲೇ ನಿಮ್ಮ ಶಾಟ್ ನಂಬರ್‌ಗಳನ್ನು, ಯಾವುದರಲ್ಲಿ ಏನು ಮಾಡಿದಿರಿ ಅನ್ನುವುದನ್ನು ಬರೆದು ಪ್ರೊಡಕ್ಷನ್‌ನವರಿಗೆ ಮೇಲ್ ಮಾಡಿ. ಬಿಡುಗಡೆಯಾದ ಮೇಲೆ ರೀಲ್‌ಗೆ ಕ್ಲಿಪ್ ಕೊಡುತ್ತೀರಾ ಅಂತ ಕೇಳಿ. ಶಾಟ್ ಹಂತ ಹಂತವಾಗಿ ಹೇಗೆ ಆಯಿತು ಅಂತ ತೋರಿಸುವ ಬ್ರೇಕ್‌ಡೌನ್‌ಗೆ ಬೇರೆಯಾಗಿ ಅನುಮತಿ ಕೇಳಿ. ಅದರಲ್ಲಿ ಮೂಲ ಪ್ಲೇಟ್ (ಎಫೆಕ್ಟ್ ಸೇರಿಸುವ ಮುಂಚಿನ ಶೂಟಿಂಗ್ ದೃಶ್ಯ) ಕಾಣುವುದರಿಂದ ಫೈನಲ್ ಶಾಟ್‌ಗೆ ಒಪ್ಪಿದವರು ಇದಕ್ಕೆ ಒಪ್ಪದೇ ಇರಬಹುದು. ಒಪ್ಪಿಗೆ ಬರಹದಲ್ಲೇ ಇರಲಿ.

ಅಷ್ಟರವರೆಗೆ ಏನು ತೋರಿಸುವುದು? ನಾನು ಗೆಳೆಯನನ್ನು ನಿಲ್ಲಿಸಿ ಹಸಿರು ಬಟ್ಟೆ ಮುಂದೆ ಶೂಟ್ ಮಾಡಿದೆ. ಬೆಳಕು ಸರಿ ಬೀಳದೆ ಮೂರು ಸಲ ಮತ್ತೆ ತೆಗೆದೆವು. ಪ್ಲೇಟ್, ಮ್ಯಾಟ್ (ಆಕೃತಿಯನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಕಪ್ಪು-ಬಿಳುಪು ಚಿತ್ರ), ಫೈನಲ್ ಎಲ್ಲವನ್ನೂ ಧೈರ್ಯವಾಗಿ ಒಂದರ ಹಿಂದೊಂದು ಇಟ್ಟೆ. ಒಂದೂವರೆ ನಿಮಿಷದ ಆ ರೀಲ್‌ನಿಂದಲೇ ಮುಂದಿನ ಕೆಲಸ ಸಿಕ್ಕಿತು.

ಸಿನಿಮಾ ಬಿಡುಗಡೆಯಾದ ಮೇಲೆ ಕ್ಷಮೆ ಕೇಳಿ ಹಳೆಯ ಸ್ಟುಡಿಯೊಗೆ ಮೇಲ್ ಮಾಡಿದೆ. ಎರಡು ಶಾಟ್ ಕೊಟ್ಟರು. ಮಳೆ ಶಾಟ್ ಎಡಿಟ್‌ನಲ್ಲೇ ಹೋಗಿತ್ತು.